ನಾಲ್ಕನೇ ಅಚ್ಚು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹುನಗುಂದದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಲಿ ಬಿಡಿ. ಮೂವತ್ತೊಂದು ವರ್ಷ ಲಾರಿಯವರ ಕಾಗದ ಮಾಡಿಕೊಟ್ಟವನಿಗೆ ಸಿಟ್ಟು ಬಾರದೆ ಇನ್ನೇನು ಬರಬೇಕು? ಲೈಸೆನ್ಸ್ ಮುಗಿದ ಮೇಲೆ ಓಡಿ ಬರುತ್ತಾರೆ. ಇನ್ಶೂರೆನ್ಸ್ ಮುಗಿದ ಮೇಲೆ ಓಡಿ ಬರುತ್ತಾರೆ. ಎಫ್.ಸಿ. ಮುಗಿದು ಪೊಲೀಸರು ಹಿಡಿದಾಗಲಂತೂ ಕಾಲಿಗೇ ಬೀಳುತ್ತಾರೆ. ಎಫ್.ಸಿ. ಎಂದರೆ ಗಾಡಿ ರಸ್ತೆಗಿಳಿಯಲು ಗಟ್ಟಿಯಿದೆ, ಬ್ರೇಕು, ದೀಪ, ಟಾಯರು ಎಲ್ಲ ಸರಿಯಿವೆ ಎಂದು ಆರ್.ಟಿ.ಓ. ಸಾಹೇಬರು ನೋಡಿ ಕೊಡುವ ಸರ್ಟಿಫಿಕೇಟು. ಎಲ್ಲರಿಗೂ ಬೈದಿದ್ದೇನೆ, ಎಲ್ಲರದೂ ಮಾಡಿಕೊಟ್ಟಿದ್ದೇನೆ.

ಹೆಸರು ರಾಚಪ್ಪ. ಬಸ್ ಸ್ಟ್ಯಾಂಡಿನ ಹತ್ತಿರ ಚಹಾದಂಗಡಿಗೆ ಹೊಂದಿಕೊಂಡು ನನ್ನ ಟೇಬಲ್ಲು ಇತ್ತು. ಹಣೆಯ ಮೇಲೆ ವಿಭೂತಿ, ಕಿವಿಯ ಮೇಲೆ ಬಡಿಗೇರರು ಇಟ್ಟುಕೊಳ್ಳುವಂಥ ದಪ್ಪ ಪೆನ್ಸಿಲು, ಮುಂದೆ ಹೊಟ್ಟೆ. ಹೊಟ್ಟೆಯ ಮಾತು ಸುಮ್ಮನೆ ತೆಗೆಯಲಿಲ್ಲ, ಮುಂದೆ ಅದರ ಕೆಲಸ ಇದೆ. ಕಾಗದದ ಮುಖ ನೋಡಿದರೆ ಸಾಕು, ಗಾಡಿಯ ಜಾತಕ ಹೇಳುತ್ತೇನೆ ಎಂದು ನಾನು ಜಂಬ ಕೊಚ್ಚುತ್ತಿದ್ದೆ. ಮನುಷ್ಯರು ಸುಳ್ಳು ಹೇಳಿಯಾರು, ಕಾಗದ ಹೇಳುವುದಿಲ್ಲ ಎಂದು ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದೆ.

ಎರಡೂವರೆ ವರ್ಷದ ಹಿಂದೆ ಒಂದು ಮುಂಜಾನೆ, ಇಳಕಲ್ಲಿನಿಂದ ಕೆಂಪು ಗ್ರಾನೈಟಿನ ದೊಡ್ಡ ಕಲ್ಲು ಹೇರಿಕೊಂಡು ಹೊರಟ ಲಾರಿಯೊಂದು ಕುಳಗೇರಿ ಕ್ರಾಸಿನಲ್ಲಿ ದೇವಪ್ಪ ಎಂಬವನ ಚಹಾದಂಗಡಿಗೆ ನುಗ್ಗಿತು. ದೇವಪ್ಪ ಅಲ್ಲೇ ತೀರಿಹೋದ. ಲಾರಿ ಓಡಿಸುತ್ತಿದ್ದವನು ಇಳಕಲ್ಲಿನ ಖಾದರಬಾಷಾ, ಇಪ್ಪತ್ತೈದು ವರ್ಷದಿಂದ ನನ್ನ ಗೆಳೆಯ. ಬ್ರೇಕ್ ಹಿಡಿಯಲಿಲ್ಲ ಎಂದು ಅವನು ಹೇಳಿದ. ಗಾಡಿಯ ಎಫ್.ಸಿ. ಆಗಿ ಐದೇ ತಿಂಗಳಾಗಿದೆ, ಬ್ರೇಕ್ ಸರಿಯಿದೆ ಎಂದು ಸಾಹೇಬರೇ ಬರೆದುಕೊಟ್ಟಿದ್ದಾರೆ, ಡ್ರೈವರ್ ನಿದ್ದೆ ಮಾಡಿದ್ದಾನೆ ಎಂದು ಲಾರಿ ಕಂಪನಿಯ ಮಾಲೀಕ ಹೇಳಿದ. ಪೊಲೀಸರು ಕಾಗದ ನೋಡಿದರು. ಖಾದರಬಾಷಾನ ಮೇಲೆ ಕೇಸಾಯಿತು, ಲೈಸೆನ್ಸು ಹೋಯಿತು. ಈಗ ಅವನು ಇಳಕಲ್ಲಿನ ಬೈಪಾಸಿನಲ್ಲಿ ಪಂಚರ್ ಹಚ್ಚುತ್ತಾನೆ.

ಆಗ ನಾನೇನು ಮಾಡಿದೆ ಗೊತ್ತೇ? ಚಹಾದಂಗಡಿಯಲ್ಲಿ ಕುಳಿತು ತೀರ್ಪು ಕೊಟ್ಟೆ. ‘ಎಫ್.ಸಿ. ಇತ್ತಲ್ಲ, ಇನ್ನೇನ್ ಮಾತು? ಖಾದರ್ ನನ್ನ ದೋಸ್ತ ಖರೆ, ಆದ್ರ ಕಾಗದ ಸುಳ್ಳ ಹೇಳೂದಿಲ್ಲ. ನಿದ್ದಿ ಹತ್ತಿರಬೇಕು’ ಎಂದೆ. ಒಂದು ಸಲ ಅಲ್ಲ, ಕೇಳಿದವರಿಗೆಲ್ಲ ಹೇಳಿದೆ. ಕೇಳದವರನ್ನೂ ಕರೆದು ಹೇಳಿದೆ.

ಕಳೆದ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಖಾದರಬಾಷಾನ ಮಗಳು ಫರಹಾನಾ ನನ್ನ ಟೇಬಲ್ಲಿಗೆ ಬಂದಳು. ಬಿ.ಕಾಂ. ಮುಗಿಸಿ ಇಳಕಲ್ಲಿನ ಒಂದು ಗ್ರಾನೈಟ್ ಫ್ಯಾಕ್ಟರಿಯ ಆಫೀಸಿನಲ್ಲಿ ಇದ್ದಾಳೆ. ಕಲ್ಲು ಒಯ್ಯಲು ಯಾವ ಲಾರಿ ಕಂಪನಿ ಬಂದರೂ ಅದರ ರಿಜಿಸ್ಟ್ರೇಷನ್ನು, ಎಫ್.ಸಿ., ಇನ್ಶೂರೆನ್ಸು, ಹಿಂದಿನ ಆಕ್ಸಿಡೆಂಟು, ದಂಡ ಎಲ್ಲ ತೆಗೆದು ನೋಡಿ, ಹೂಂ ಅಥವಾ ಊಹೂಂ ಎನ್ನುವುದು ಅವಳ ಕೆಲಸ. ಆ ಕೆಲಸವನ್ನು ಅವಳು ಕೇಳಿ ಪಡೆದಳು. ಯಾಕೆ ಎಂದು ನಾನು ಕೇಳಿರಲಿಲ್ಲ.

“ಕಾಕಾ, ಸ್ವಲ್ಪ ಪುರಸೊತ್ತ ಐತೇನ್ರಿ?”

“ನಿನಗ ಇಲ್ಲದ್ದು ಮತ್ಯಾರಿಗವಾ? ಕೂಡು. ಚಾ ಹೇಳ್ತೇನಿ.”

ಚಹಾ ಬೇಡವೆಂದಳು. ಚೀಲದಿಂದ ಕಾಗದ ತೆಗೆದು ಟೇಬಲ್ಲಿನ ಮೇಲೆ ಹರವಿದಳು.

“ಹೊಸಾ ಕಂಪನಿ ಒಂದು ನಮ್ಮ ಫ್ಯಾಕ್ಟರಿಗೆ ಬಂದೈತ್ರಿ. ಹುಟ್ಟಿ ಹದಿನಾಲ್ಕು ತಿಂಗಳಾತು. ಒಂದು ಆಕ್ಸಿಡೆಂಟಿಲ್ಲ, ಒಂದು ದಂಡ ಇಲ್ಲ. ಮಾಲಕರು ಒಬ್ರು ಹೆಣ್ಣಮಗಳು. ನೋಡಾಕ ಭಾಳ ಚೊಕ್ಕ ಐತಿ. ಆದ್ರ ನಾ ಗಾಡಿ ನಂಬರ ಒಂದೊಂದ ಹಾಕಿ ನೋಡಿದೆ. ಹನ್ನೊಂದು ಗಾಡಿ. ಹನ್ನೊಂದೂ ಅಬ್ಬಾ ಇದ್ದ ಕಂಪನಿವು. ಆ ಕಂಪನಿಗೆ ಹನ್ನೆರಡಿದ್ದು. ಒಂದು ಕಮ್ಮಿ ಐತಿ.”

“ಯಾವುದು?”

“ಅಬ್ಬಾಂದು.”

ಭಲೇ ಹುಡುಗಿ ಎಂದುಕೊಂಡೆ. ಹಳೆಯ ಕಂಪನಿಯ ಮೇಲೆ ಒಂದು ಸಾವು ಇತ್ತು. ಅದನ್ನು ಮುಚ್ಚಿ, ಹೆಂಡತಿಯ ಹೆಸರಿನಲ್ಲಿ ಹೊಸ ಬೋರ್ಡು ಬರೆಸಿ, ಅವೇ ಗಾಡಿ ಓಡಿಸುತ್ತಿದ್ದಾನೆ ಮಾಲೀಕ. ಕಾಗದ ಹೀಗೆ ಹಿಂದೆ ಹಿಂದೆ ಹೋಗಿ ಓದಬೇಕು ಎಂದು ಅವಳಿಗೆ ಕಲಿಸಿದವನು ನಾನೇ. ಐದನೇ ತರಗತಿಯಿಂದ ಅವಳ ಸ್ಕಾಲರ್‌ಶಿಪ್ ಫಾರಂ ತುಂಬುವಾಗ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸುತ್ತಿದ್ದೆ. ಹೆಮ್ಮೆಯಿಂದ ಮೀಸೆ ತಿರುವಿದೆ.

“ಅದು ನನಗ ಗೊತ್ತಾತ್ರಿ. ಗೊತ್ತಾಗದ್ದು ಇದು” ಎಂದು ಅವಳು ಇನ್ನೂ ಮೂರು ಹಾಳೆ ಮುಂದಿಟ್ಟಳು. ಅವಳ ಅಪ್ಪನ ಲಾರಿಯ ಮೂರು ವರ್ಷದ ಎಫ್.ಸಿ. ಅರ್ಜಿಗಳ ನಕಲು. ಬಾಗಲಕೋಟೆಯ ವಕೀಲರ ಕೈಯಿಂದ ಕೋರ್ಟಿನಲ್ಲಿ ತೆಗೆಸಿದ್ದಳು. ಪ್ರತಿ ಹಾಳೆಯ ಕೆಳಗೆ ಒಂದು ಪೆನ್ಸಿಲ್ ಅಚ್ಚು ಅಂಟಿಸಿದ್ದು ಕಾಣುತ್ತಿತ್ತು.

ಅಚ್ಚು ಎಂದರೆ ಏನು ಎಂದು ಹೇಳಿಬಿಡುತ್ತೇನೆ. ಪ್ರತಿ ಲಾರಿಯ ಚೆಸ್ಸಿಯ, ಅಂದರೆ ಅಡಿಚೌಕಟ್ಟಿನ, ಕಬ್ಬಿಣದ ಮೇಲೆ ಒಂದು ನಂಬರು ಕುಟ್ಟಿರುತ್ತಾರೆ. ಮುಂದಿನ ಗಾಲಿಯ ಸಂದಿಯಲ್ಲಿ ತೂರಿ, ಅದರ ಮೇಲೆ ತೆಳ್ಳನೆಯ ಕಾಗದ ಇಟ್ಟು ಪೆನ್ಸಿಲ್ಲಿನಿಂದ ತಿಕ್ಕಿದರೆ ನಂಬರು ಕಾಗದದ ಮೇಲೆ ಮೂಡುತ್ತದೆ. ಆ ಚೀಟಿಯನ್ನು ಅರ್ಜಿಗೆ ಅಂಟಿಸುತ್ತೇವೆ. ಗಾಡಿ ಅವತ್ತು ಅಲ್ಲಿಗೆ ಬಂದಿತ್ತು ಎನ್ನುವುದಕ್ಕೆ ಅದೇ ಸಾಕ್ಷಿ.

“ಈ ಎಂಟರ ಹೊಟ್ಟ್ಯಾಗ ಒಂದು ಚುಕ್ಕಿ ಐತಿ ನೋಡ್ರಿ ಕಾಕಾ. ಏನೋ ಹರಳು ಅಂಟಿದಂಗ. ಮೊದಲನೇ ವರ್ಷ ಐತಿ. ಎರಡನೇ ವರ್ಷ ಐತಿ. ಮೂರನೇ ವರ್ಷಾನೂ ಅಲ್ಲೇ ಐತಿ. ಅಷ್ಟ ಮಳಿ, ಅಷ್ಟ ಕೆಸರು ದಾಟಿ ಒಂದು ಹರಳು ಅಲ್ಲೇ ಕುಂತಿರತೈತೇನ್ರಿ?”

ಗೆರೆಗಳನ್ನು ನೋಡಿದೆ. ಅಗಲ ಗೆರೆ. ಬಡಿಗೇರ ಪೆನ್ಸಿಲ್ಲಿನ ಗೆರೆ. ಕೈ ತಾನಾಗಿಯೇ ಕಿವಿಯ ಕಡೆಗೆ ಹೋಯಿತು, ನಡುವೆಯೇ ಇಳಿಸಿದೆ.

“ಝೆರಾಕ್ಸ್ ಮಷೀನಿನ ಹೊಲಸು ಇರಬೇಕು” ಎಂದೆ.

“ಮೂರೂ ಬ್ಯಾರೆ ಬ್ಯಾರೆ ದಿನ ತಗಸೇನ್ರಿ.”

“ನನಗಽ ಕಲಸಾಕ ಬಂದಿಯೇನು? ಮೂವತ್ತ ವರ್ಷದಾಗ ಇಂಥಾವು ಸಾವಿರ ನೋಡೇನಿ!”

ಊರಿಗೆಲ್ಲ ಬೈದಿದ್ದೇನೆ, ಆ ಹುಡುಗಿಗೆ ಅದುವರೆಗೆ ಒಂದು ಮಾತು ಅಂದಿರಲಿಲ್ಲ. ಅವಳು ಹಾಳೆಗಳನ್ನು ಜೋಡಿಸಿಕೊಂಡಳು. “ಸೋಮವಾರ ಬಾದಾಮಿ ಕೋರ್ಟಿನ್ಯಾಗ ಕಡೀ ಸಾಕ್ಷಿ ಐತ್ರಿ. ಆಮ್ಯಾಲೆ ತೀರ್ಪು. ಈ ಕಾಗದ ಹಿಂಗಽ ಉಳದ್ರ ಅಬ್ಬಾ ಜೈಲಿಗೆ ಹೋಗ್ತಾರ ಅಂತ ವಕೀಲರು ಹೇಳ್ಯಾರ. ಅದಕ್ಕ ಕೇಳಾಕ ಬಂದಿದ್ದೆ” ಎಂದು ಎದ್ದು ಹೋದಳು.

ನನಗೆ ನೆನಪಿರಲಿಲ್ಲ ಎಂದರೆ ನೀವು ನಂಬಬೇಡಿ. ನೆನಪು ಮಾಡಿಕೊಳ್ಳಲು ನಾನು ಹೋಗಿರಲಿಲ್ಲ, ಅಷ್ಟೇ. ಎರಡು ವರ್ಷ ಆ ಕಡೆಗೆ ಮುಖ ತಿರುಗಿಸದೆ ಬದುಕಿದ್ದೆ.

ನಡೆದದ್ದು ಇಷ್ಟು. ಯಾವ ಆಫೀಸು, ಯಾವ ಸಾಹೇಬರು ಎಂದು ಕೇಳಬೇಡಿ. ಅವರದೇನೂ ತಪ್ಪಿಲ್ಲ, ಮೋಸ ಮಾಡಿದವನು ನಾನು. ಹಳೆಯ ಲಾರಿಗೆ ವರ್ಷಕ್ಕೊಮ್ಮೆ ಎಫ್.ಸಿ. ಆಗಬೇಕು. ಮೊದಲನೇ ವರ್ಷ ಖಾದರ್ ಗಾಡಿ ತಂದು ನಿಲ್ಲಿಸಿದ್ದ, ಸಾಹೇಬರು ನೋಡಿ ಪಾಸು ಮಾಡಿದ್ದರು, ಅದು ಸತ್ಯ. ಅಚ್ಚು ತೆಗೆಯಲು ನನ್ನ ಹೊಟ್ಟೆ ಗಾಲಿಯ ಸಂದಿಯಲ್ಲಿ ಹಿಡಿಸಬೇಕಲ್ಲ! ಯಾವಾಗಲೂ ಡ್ರೈವರುಗಳ ಕೈಯಿಂದಲೇ ತಿಕ್ಕಿಸುತ್ತಿದ್ದೆ. ಉದ್ದನೆಯ ಹಾಳೆ ಕೊಟ್ಟು, “ಹೆಂಗೂ ಬಗ್ಗೀದಿ, ಒಂದರ ಕೆಳಗೊಂದು ನಾಲ್ಕು ತಿಕ್ಕಿಬಿಡು. ಮುಂದಿನ ಸಲ ತ್ರಾಸ ಇರೂದಿಲ್ಲ” ಎಂದೆ. ಇದು ನಮ್ಮ ದಂಧೆಯವರ ರೂಢಿ. ಒಂದಾದರೆ ಕೆಟ್ಟೀತು, ಹರಿದೀತು ಎಂದು ಮೂರು ನಾಲ್ಕು ತೆಗೆದಿಡುತ್ತೇವೆ. ಅದರಲ್ಲಿ ಪಾಪ ಇದೆ ಎಂದು ಯಾರಿಗೂ ಅನಿಸುವುದಿಲ್ಲ. ಅವನು ನಾಲ್ಕು ತಿಕ್ಕಿಕೊಟ್ಟ. ನಾನು ಹಾಳೆ ಮಡಚಿ, ಮಡಿಕೆಗೆ ಉಗುಳು ಹಚ್ಚಿ, ಕೈಯಿಂದಲೇ ಹರಿದು ನಾಲ್ಕು ಚೀಟಿ ಮಾಡಿದೆ. ಒಂದನ್ನು ಅಂಟಿಸಿದೆ, ಮೂರನ್ನು ಡಬ್ಬಿಯಲ್ಲಿ ಇಟ್ಟೆ.

ಮುಂದಿನ ವರ್ಷ ಮಾಲೀಕ ಫೋನ್ ಮಾಡಿದ. ಗಾಡಿ ಲೋಡಿನ ಮೇಲಿದೆ, ನಿಲ್ಲಿಸಲು ಆಗುವುದಿಲ್ಲ, ಏನಾದರೂ ಮಾಡು ಎಂದ. ಅವನ ಇನ್ನೊಂದು ಗಾಡಿ ಅದೇ ಬಣ್ಣದ್ದು, ಹೊಸದು. ಅದಕ್ಕೆ ಇದರ ನಂಬರಿನ ಹಲಗೆಯನ್ನು ತಂತಿಯಿಂದ ಕಟ್ಟಿ ನಿಲ್ಲಿಸಿದೆವು. ಅಚ್ಚು ನನ್ನ ಡಬ್ಬಿಯಲ್ಲಿ ಇದ್ದೇ ಇತ್ತು. ಸಾಹೇಬರು ಬ್ರೇಕ್ ತುಳಿಸಿ ನೋಡಿದರು, ಹಿಡಿಯಿತು. ಆ ಗಾಡಿಯ ಬ್ರೇಕು ಚೆನ್ನಾಗಿಯೇ ಇತ್ತು. ಅದರ ಮುಂದಿನ ವರ್ಷವೂ ಹಾಗೆಯೇ ಮಾಡಿದೆವು. ಅದಾಗಿ ಐದು ತಿಂಗಳಿಗೆ ಕುಳಗೇರಿ ಕ್ರಾಸು.

ಫರಹಾನಾ ಹೋದ ಮೇಲೆ ಟೇಬಲ್ಲಿನ ಖಾನೆ ಎಳೆದು ಡಬ್ಬಿ ತೆಗೆದೆ. ಹಳೆಯ ಚೀಟಿಗಳ ಅಡಿಯಲ್ಲಿ ಅದು ಸಿಕ್ಕಿತು, ನಾಲ್ಕನೇ ಅಚ್ಚು. ಎಂಟರ ಹೊಟ್ಟೆಯಲ್ಲಿ ಚುಕ್ಕೆ. ಕಲ್ಲಿನ ಹರಳು ಅವತ್ತು ಅಲ್ಲಿ ಅಂಟಿರಬೇಕು. ಮೇಲಿನ ಅಂಚು ಸೊಟ್ಟಗೆ ಹರಿದಿತ್ತು. ಫೈಲಿನಲ್ಲಿರುವ ಮೂರನೆಯದರ ಕೆಳಗೆ ಇದನ್ನು ಇಟ್ಟರೆ ಎರಡೂ ಅಂಚು ಕೂಡುತ್ತವೆ ಎಂಬುದು ಹರಿದವನಿಗೆ ಗೊತ್ತಿಲ್ಲದೆ ಇರುತ್ತದೆಯೇ?

ಪಕ್ಕದಲ್ಲೇ ಚಹಾದಂಗಡಿಯ ಒಲೆ. ಎದ್ದು ನಾಲ್ಕು ಹೆಜ್ಜೆ ಹಾಕಿ ಒಗೆದಿದ್ದರೆ ಮುಗಿಯುತ್ತಿತ್ತು. ಎದ್ದೆ ಕೂಡ, ಸುಳ್ಳು ಯಾಕೆ ಹೇಳಲಿ. ಒಲೆಯ ಮುಂದೆ ನಿಂತೆ. ಚಹಾದಂಗಡಿಯವನು “ಏನ ಬೇಕ್ರಿ?” ಎಂದ. ಚಹಾದಂಗಡಿಯವನ ಮುಖ ನೋಡಿದೆ. ದೇವಪ್ಪನೂ ಹೀಗೆಯೇ ಒಲೆಯ ಹಿಂದೆ ನಿಂತಿದ್ದನಲ್ಲ, ಗಿರಾಕಿಗೆ ಏನು ಬೇಕು ಎಂದು ಕೇಳುತ್ತಾ. ಏನೂ ಬೇಡಪ್ಪಾ ಎಂದು ಇಳಕಲ್ಲಿನ ಬಸ್ಸು ಹತ್ತಿದೆ.

ಖಾದರಬಾಷಾ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ಎಲ್ಲಿ ಬರುತ್ತದೆ ಎಂದು ನೋಡುತ್ತಿದ್ದ. ತಲೆ ಎತ್ತಿದ. ಸೊರಗಿದ್ದ, ಗಡ್ಡ ಪೂರ್ತಿ ಬೆಳ್ಳಗಾಗಿತ್ತು.

“ಬಾ ರಾಚಣ್ಣಾ. ಎರಡು ವರ್ಷಕ್ಕ ದಾರಿ ಸಿಕ್ತು ನಿನಗ.”

ನಾನು ಕುಳಿತು ಚೀಟಿಯನ್ನು ಅವನ ಮುಂದೆ ಇಟ್ಟೆ. ಅವನು ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಂಡ, ಆದರೆ ಚೀಟಿ ಮುಟ್ಟಲಿಲ್ಲ.

“ಇನ್ನೂ ಒಂದು ಉಳದಿತ್ತೇನ?”

“ನೆನಪೈತೇನ ನಿನಗ?”

“ಅವತ್ತ ಬಿಸಿ ಕಬ್ಬಿಣ ಬೆನ್ನಿಗೆ ಹತ್ತಿ ಸುಟ್ಟಿತ್ತು. ಕಲೆ ಇನ್ನೂ ಐತಿ. ಮರೀತೈತೇನ?”

ನನಗೆ ಸಿಟ್ಟು ಒತ್ತರಿಸಿ ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. “ಹಂಗಾರ ಕೋರ್ಟಿನ್ಯಾಗ ಯಾಕ ಬಾಯಿ ಬಿಡಲಿಲ್ಲಲೇ? ಗಾಡಿ ಎರಡು ವರ್ಷ ಚೆಕ್ಕಿಗಽ ಹೋಗಿಲ್ಲ ಅಂತ ಒಂದಽ ಒಂದು ಮಾತು! ಮಂಗ್ಯಾನಂಗ ಸುಮ್ಮ ನಿಂತೆಯಲ್ಲ!”

“ಹೋಗದಽ ಎಫ್.ಸಿ. ಹೆಂಗ ಬಂತು ಅಂತ ಮುಂದಿನ ಪ್ರಶ್ನಿ ಕೇಳ್ತಾರ. ಆವಾಗ ಯಾರ ಹೆಸರ ಹೇಳಲಿ?”

ಅವನು ಟ್ಯೂಬನ್ನು ತಿರುಗಿಸುತ್ತಲೇ ಮಾತಾಡಿದ.

“ಲೈಸೆನ್ಸ್ ಮಾಡಸಾಕ ಬಂದಾಗ ನನಗ ಸಹಿ ಬರ್ತಿರಲಿಲ್ಲ. ಹೆಬ್ಬಟ್ಟ ಒತ್ತಬ್ಯಾಡ ಅಂತ ಬೈದು, ಹನ್ನೊಂದು ದಿನ ಮಗ್ಗಲದಾಗ ಕುಂಡರಿಸಿ ತಿದ್ದಿಸಿದಿ. ಫರಹಾನಾನ ಫಾರಂ ಎಲ್ಲಾ ನೀನಽ ತುಂಬಿದಿ. ಆಕಿ ಇವತ್ತ ಕುರ್ಚಿ ಮ್ಯಾಲೆ ಕುಂತಾಳ. ನಾ ಒಬ್ಬಾಂವ ಒಳಗ ಹೋದ್ರ ಆತು, ನಿನ್ನ ಯಾಕ ಎಳೀಲಿ ಅಂದೆ.”

“ನಾ ಹುನಗುಂದದಾಗ ಏನೇನ ಮಾತಾಡೇನಿ, ನಿನಗ ಗೊತ್ತೈತೇನ?”

“ಎಲ್ಲಾ ಕೇಳೇನಿ” ಎಂದ. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ನನಗೆ ಸಿಟ್ಟಿನ ಜೊತೆ ವ್ಯವಹಾರ ಗೊತ್ತು, ಇದರ ಜೊತೆ ಗೊತ್ತಿರಲಿಲ್ಲ. ಅರವತ್ತೊಂದರ ಗಂಡಸು ನಾನು, ಪಂಚರ್ ಅಂಗಡಿಯಲ್ಲಿ ಕುಳಿತು ಹುಡುಗರಂತೆ ಅತ್ತುಬಿಟ್ಟೆ.

ಅವನು ಟ್ಯೂಬನ್ನು ಬೋಗುಣಿಯಿಂದ ಎತ್ತಿಟ್ಟು ಹೇಳಿದ: “ಮತ್ತ ನನ್ನ ತಪ್ಪ ಇಲ್ಲ ಅಂತಿಲ್ಲ ರಾಚಣ್ಣಾ. ಬ್ರೇಕ್ ಸಡಲ ಐತಿ ಅಂತ ಮಾಲಕಗ ಮೂರು ಸಲ ಹೇಳಿದೆ. ನಾಲ್ಕನೇ ಸಲ ಹೇಳದಽ ಗಾಡಿ ಏರಿದೆ. ದೇವಪ್ಪ ಭಾಳ ಛಲೋ ಮನಷ್ಯಾ. ನನಗ ಶುಗರ್ ಐತಿ ಅಂತ ಸಕ್ಕರಿ ಹಾಕೂಕಿಂತ ಮೊದಲಽ ಒಂದು ಕಪ್ ತಗದಿಡತಿದ್ದ. ಗಾಡಿ ಅವನ ಕಡೆ ಹೊಳ್ಳಿದಾಗ ಅವನ ಕೈಯಾಗ ಆ ಕಪ್ ಇತ್ತು. ಅದನ್ನ ಹೆಂಗ ಮರೀಲಿ? ಆ ಚೀಟಿ ಒಗದಬಿಡು. ಇಬ್ಬರ ಮನಿ ಯಾಕ ಹಾಳಾಗಬೇಕು?”

“ಒಗೀಬ್ಯಾಡ್ರಿ.”

ಫರಹಾನಾ ಅಪ್ಪನ ರಾತ್ರಿಯೂಟದ ಡಬ್ಬಿ ಹಿಡಿದು ನಮ್ಮ ಹಿಂದೆ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಮುಖ ಕೆಂಪಗೆ, ಕಣ್ಣು ಒಣಗಿಯೇ ಇದ್ದವು. ಮೊದಲು ಅಪ್ಪನನ್ನು ನೋಡಿದಳು.

“ಅಬ್ಬಾ, ನಾ ಎರಡು ವರ್ಷ ಆಫೀಸಿನ್ಯಾಗ ಮಂದಿ ಕಾಗದ ಹುಡುಕಾಡೇನಿ. ನನ್ನ ಅಪ್ಪ ನಿದ್ದಿ ಮಾಡಿಲ್ಲ ಅಂತ ತೋರ್ಸಾಕ. ಮನ್ಯಾಗಽ ಇತ್ತಲ್ಲ ಉತ್ತರ! ನನಗರ ಹೇಳಬಾರದಿತ್ತೇನು?”

ಖಾದರಬಾಷಾ ಬೋಗುಣಿಯ ನೀರು ನೋಡುತ್ತಾ ಕುಳಿತ. ಅವಳು ನನ್ನ ಕಡೆ ತಿರುಗಿದಳು.

“ಮಷೀನಿನ ಹೊಲಸು ಅಂದ್ರಲ್ಲ ಕಾಕಾ.”

“ಅಂದೆ” ಎಂದೆ.

“ಸೋಮವಾರ ಹನ್ನೊಂದಕ್ಕ ಬಾದಾಮ್ಯಾಗ ಐತಿ. ನಾ ನಿಮ್ಮನ್ನ ಕರಿಯೂದಿಲ್ಲ. ಅದನ್ನ ಇಸಗೊಳ್ಳೂದೂ ಇಲ್ಲ. ಬರೂದಿದ್ರ ನೀವಽ ತಗೊಂಡ ಬರ್ರಿ.” ಡಬ್ಬಿಯನ್ನು ಅಪ್ಪನ ಪಕ್ಕದಲ್ಲಿಟ್ಟು ಹೊರಟುಹೋದಳು.

ಸೋಮವಾರದವರೆಗೆ ಮೂರು ದಿನ ಇದ್ದವು. ನಾನು ಲೆಕ್ಕವಿಲ್ಲದಷ್ಟು ವಿಚಾರ ಮಾಡಿದೆ. ಕೇಸು ನನ್ನ ಮೇಲೆ ಬೀಳುತ್ತದೆ, ಟೇಬಲ್ಲು ಹೋಗುತ್ತದೆ, ಊರಲ್ಲಿ ತಲೆ ಎತ್ತಲು ಆಗುವುದಿಲ್ಲ, ಇವೆಲ್ಲ ನಿಜ. ಆದರೆ ಇವಕ್ಕಿಂತ ಹೆಚ್ಚು ಕೊರೆದದ್ದು ಬೇರೆ. ಅವತ್ತು ‘ನಾಲ್ಕು ತಿಕ್ಕು’ ಎಂದಾಗ ನನ್ನ ಮನಸ್ಸಿನಲ್ಲಿ ಕೆಟ್ಟದ್ದು ಏನೂ ಇರಲಿಲ್ಲ. ದೋಸ್ತನಿಗೆ ತ್ರಾಸ ತಪ್ಪಲಿ ಎಂದೇ ಹೇಳಿದ್ದೆ. ಯಾರನ್ನೋ ಕೊಲ್ಲಬೇಕು ಎಂದು ಮಾಡಿದ್ದರೆ ಕೈ ನಡುಗುತ್ತಿತ್ತು, ನಿಲ್ಲುತ್ತಿತ್ತು. ಇದಕ್ಕೆ ಕೈ ನಡುಗಲೇ ಇಲ್ಲ. ಸಹಾಯ ಎಂದುಕೊಂಡು ಮಾಡಿದ ಕೆಲಸವನ್ನು ಯಾವಾಗ ನಿಲ್ಲಿಸಬೇಕು ಎಂದು ಮನುಷ್ಯನಿಗೆ ತಿಳಿಯುವುದು ಹೇಗೆ?

ಸೋಮವಾರ ಲಿಂಗಪೂಜೆ ಮುಗಿಸಿ, ಚೀಟಿಯನ್ನು ಪಾಕೀಟಿನಲ್ಲಿ ಇಟ್ಟುಕೊಂಡು ಬಾದಾಮಿಗೆ ಹೋದೆ. ಕೋರ್ಟಿನ ಮೆಟ್ಟಿಲ ಹತ್ತಿರ ಫರಹಾನಾ ವಕೀಲರ ಜೊತೆ ನಿಂತಿದ್ದಳು. ನನ್ನನ್ನು ನೋಡಿದಳು, ವಕೀಲರಿಗೆ ನನ್ನತ್ತ ಕೈ ತೋರಿಸಿದಳು.

ಒಳಗೆ ನನ್ನನ್ನು ಸಾಕ್ಷಿ ಕಟ್ಟೆಗೆ ಕರೆದರು. ನಾನು ಎಲ್ಲ ಹೇಳಿದೆ. ಹಲಗೆ ಕಟ್ಟಿದ್ದು, ಇನ್ನೊಂದು ಗಾಡಿ ತೋರಿಸಿದ್ದು, ಮಾಲೀಕನ ಫೋನು, ಡಬ್ಬಿ. ಫೈಲು ತರಿಸಿದರು. ಮೂರನೇ ಹಾಳೆಯಲ್ಲಿ ಅಂಟಿಸಿದ್ದ ಅಚ್ಚಿನ ಕೆಳಗೆ ಗುಮಾಸ್ತರು ನನ್ನ ಚೀಟಿ ಇಟ್ಟರು. ಜಡ್ಜ್ ಸಾಹೇಬರು ಬಗ್ಗಿ ನೋಡಿದರು, ವಕೀಲರಿಬ್ಬರನ್ನೂ ಕರೆದು ತೋರಿಸಿದರು. ಸೊಟ್ಟ ಅಂಚಿಗೆ ಸೊಟ್ಟ ಅಂಚು ಕೂಡಿತ್ತು.

ಸರಕಾರಿ ವಕೀಲರು ಎದ್ದರು. “ಈ ನಾಲ್ಕು ಅಚ್ಚು ತೆಗೆದವರು ಯಾರು?”

ಖಾದರನ ಹೆಸರು ಹೇಳಿದರೆ ಅವನೂ ಇದರಲ್ಲಿ ಪಾಲುದಾರ ಅನ್ನುತ್ತಾರೆ ಎಂದು ನನಗೆ ಹೆದರಿಕೆಯಾಯಿತು. “ನಾನೇ” ಎಂದೆ.

ವಕೀಲರು ನನ್ನ ಹೊಟ್ಟೆಯನ್ನು ನಿಧಾನವಾಗಿ ನೋಡಿದರು. “ಲಾರಿಯ ಗಾಲಿಯ ಸಂದಿಯಲ್ಲಿ ನೀವು ತೂರಿದಿರಾ?”

ಹಿಂದೆ ಕುಳಿತವರು ಕಿಸಕ್ಕೆಂದು ನಕ್ಕರು. ಅಷ್ಟರಲ್ಲಿ ಆರೋಪಿಗಳ ಜಾಗದಲ್ಲಿ ನಿಂತಿದ್ದ ಖಾದರಬಾಷಾ ಕೈ ಎತ್ತಿದ.

“ಸಾಹೇಬ್ರ, ಆಂವ ಸುಳ್ಳ ಹೇಳಾಕತ್ಯಾನ್ರಿ. ತಿಕ್ಕಿದಾಂವ ನಾ. ಬೆನ್ನ ಮ್ಯಾಲೆ ಸುಟ್ಟ ಕಲೆ ಐತಿ, ತೋರಸ್ತೇನಿ.”

“ಏ, ಸುಮ್ನ ನಿಂದರಲೇ!” ಎಂದು ನಾನು ಕೂಗಿಬಿಟ್ಟೆ.

“ಇಬ್ಬರೂ ಬಾಯಿ ಮುಚ್ಚಿ. ಇದು ಚಹಾದಂಗಡಿಯಲ್ಲ” ಎಂದರು ಜಡ್ಜ್ ಸಾಹೇಬರು. ಆ ಮಾತು ಅವರಿಗೆ ಹೇಗೆ ಹೊಳೆಯಿತೋ, ನನಗೆ ಮಾತ್ರ ನೆಟ್ಟಗೆ ಬಂದು ತಾಗಿತು. ಆಮೇಲೆ ಸರಿಯಾಗಿ ಬರೆಸಿದೆ: ತಿಕ್ಕಿದವನು ಖಾದರಬಾಷಾ. ತಿಕ್ಕು ಎಂದವನು ನಾನು. ಹರಿದವನು, ಇಟ್ಟುಕೊಂಡವನು, ಅಂಟಿಸಿದವನು ನಾನು. ಉಳಿದ ಮೂರು ಏನಾಗುತ್ತವೆ ಎಂದು ಖಾದರಬಾಷಾನಿಗೆ ಅವತ್ತು ಗೊತ್ತಿರಲಿಲ್ಲ.

ಮುಂದಿನದು ಬೇಗ ಹೇಳುತ್ತೇನೆ. ನಾಲ್ಕು ತಿಂಗಳಿಗೆ ತೀರ್ಪು ಬಂತು. ಖಾದರಬಾಷಾ ನಿದ್ದೆ ಮಾಡಿರಲಿಲ್ಲ ಎಂದು ಕೋರ್ಟು ಬರೆಯಿತು. ಬ್ರೇಕು ಸಡಿಲ ಎಂದು ಗೊತ್ತಿದ್ದೂ ಓಡಿಸಿದ್ದು ಅವನ ತಪ್ಪು ಎಂದೂ ಬರೆಯಿತು, ಆದರೆ ಜೈಲಿಗೆ ಕಳಿಸಲಿಲ್ಲ. ಮಾಲೀಕನ ಮೇಲೆ, ನನ್ನ ಮೇಲೆ ಬೇರೆ ಕೇಸು ನಡೆದಿದೆ. ನನ್ನ ಟೇಬಲ್ಲು ಹೋಯಿತು. ಆ ಹೊಸ ಕಂಪನಿಗೆ ಫರಹಾನಾ ಒಂದು ಕಲ್ಲನ್ನೂ ಹೇರಲು ಬಿಡಲಿಲ್ಲ. ನನ್ನ ಜೊತೆ ಮಾತಾಡುತ್ತಾಳೆ, ಕಾಕಾ ಎನ್ನುತ್ತಾಳೆ, ಆದರೆ ಮೊದಲಿನಂತೆ ಪಕ್ಕಕ್ಕೆ ಬಂದು ಕೂರುವುದಿಲ್ಲ. ಕೇಳುವ ಹಕ್ಕು ನನಗಿಲ್ಲ.

ಆದರೆ ನಾನು ಹೇಳಲು ಕುಳಿತದ್ದು ತೀರ್ಪಿನ ಸುದ್ದಿಯಲ್ಲ. ಅದೇ ಸೋಮವಾರ, ಸಾಕ್ಷಿ ಮುಗಿಸಿ ಹೊರಗೆ ಬಂದು ಬೇವಿನ ಗಿಡದ ಕಟ್ಟೆಯ ಮೇಲೆ ಕುಳಿತಿದ್ದೆ. ಒಬ್ಬ ಹೆಣ್ಣುಮಗಳು ಬಂದು ಎದುರಿಗೆ ನಿಂತಳು. ಐವತ್ತರ ಹತ್ತಿರದ ವಯಸ್ಸು, ಬಣ್ಣ ಮಾಸಿದ ಇಳಕಲ್ ಸೀರೆ, ಬರಿ ಹಣೆ. ಕೋರ್ಟಿನ ಕೊನೆಯ ಬೆಂಚಿನಲ್ಲಿ ಕುಳಿತಿದ್ದವಳು.

“ನಾ ದೇವಪ್ಪನ ಹೇಂತಿರಿ, ರಂಗವ್ವ” ಎಂದಳು.

ನಾನು ಎದ್ದು ನಿಂತೆ. ಬೈಯಲಿ, ಉಗುಳಲಿ, ಚಪ್ಪಲಿಯಿಂದ ಹೊಡೆಯಲಿ ಎಂದು ಕಾದೆ. ಅವಳು ಅದೇನನ್ನೂ ಮಾಡಲಿಲ್ಲ.

“ಎಲ್ಲಾರೂ ಬಗ್ಗಿ ಬಗ್ಗಿ ನೋಡಿದ್ರಲ್ಲ, ಅದೇನೋ ಚೀಟಿ. ನಾ ಹಿಂದ ಕುಂತಿದ್ದೆ, ನನಗ ಕಾಣಲಿಲ್ರಿ. ಎಷ್ಟ ದೊಡ್ಡದಿತ್ತು ಅದು?”

ಹೆಬ್ಬೆರಳು, ತೋರುಬೆರಳು ಅಗಲಿಸಿ ಒಂದು ಚೋಟು ಉದ್ದ ತೋರಿಸಿದೆ.

ರಂಗವ್ವ ನನ್ನ ಬೆರಳುಗಳನ್ನು ನೋಡಿದಳು. ಆಮೇಲೆ ತನ್ನ ಕೈ ಎತ್ತಿ, ತನ್ನ ಬೆರಳುಗಳನ್ನೂ ಅಷ್ಟೇ ಅಗಲಿಸಿ, ಸರಿಯಾಗಿದೆಯೋ ಇಲ್ಲವೋ ಎಂದು ನನ್ನ ಕೈಯ ಪಕ್ಕದಲ್ಲಿ ಹಿಡಿದು ನೋಡಿದಳು.

“ಇಷ್ಟಽ ಏನ್ರಿ?”

“ಇಷ್ಟಽ, ಯವ್ವಾ.”

ಅವಳು ಬೆರಳುಗಳನ್ನು ಹಾಗೆಯೇ ಹಿಡಿದುಕೊಂಡು ಕುಳಗೇರಿ ಬಸ್ಸು ನಿಲ್ಲುವ ಕಡೆಗೆ ನಡೆದಳು.